ತವರಲ್ಲಿ ಉಳಿದ ಮುಖ

ನಮ್ಮ ಊರಿನ ಕನ್ನಡಿಗಳಲ್ಲಿ ಗೋಡೆ ಕಾಣುತ್ತದೆ, ಗೋಡೆಯ ಮೇಲಿನ ಕ್ಯಾಲೆಂಡರ್ ಕಾಣುತ್ತದೆ, ಕ್ಯಾಲೆಂಡರಿನ ಹಿಂದಿನಿಂದ ಇಣುಕುವ ಹಲ್ಲಿಯೂ ಕಾಣುತ್ತದೆ. ಎದುರಿಗೆ ನಿಂತ ಮನುಷ್ಯ ಮಾತ್ರ ಕಾಣುವುದಿಲ್ಲ. ಬಾವಿಗೆ ಬಗ್ಗಿ ನೋಡಿದರೆ ಆಕಾಶವಷ್ಟೇ. ಮೊಬೈಲು ಹಿಡಿದು ನಕ್ಕರೆ ಹಿಂದಿನ ತಂತಿಯ ಮೇಲೆ ಒಣಗುತ್ತಿರುವ ಬಟ್ಟೆ ಬರುತ್ತದೆ. ಕೈಯಲ್ಲಿ ಹಿಡಿಯುವ ಯಾವ ವಸ್ತುವಿಗೂ ನಾವು ಸಿಗುವವರಲ್ಲ. ಗೋಡೆಗೆ ಮೊಳೆ ಹೊಡೆದು ಕೂರಿಸುವ ಕ್ಯಾಮೆರಾ ಇದೆಯಲ್ಲ, ಬೇರೆ ಊರುಗಳಲ್ಲಿ ಕಳ್ಳರನ್ನು ಹಿಡಿಯಲು ಹಾಕುತ್ತಾರಂತೆ, ಅದಕ್ಕೆ ಮಾತ್ರ ನಾವು ಕಾಣುತ್ತೇವೆ. ಅದರಿಂದಾಗಿ ನನ್ನ ಹೊಟ್ಟೆ ತುಂಬುತ್ತಿದೆ.

ನನ್ನ ಹೆಸರು ರುದ್ರಪ್ಪ. ಊರಿನಲ್ಲಿ ಕ್ಯಾಮೆರಾ ರುದ್ರಪ್ಪ ಎಂದರೆ ಎಲ್ಲರಿಗೂ ಗೊತ್ತು. ಪ್ರತಿ ಮನೆಯ ಪಡಸಾಲೆಯಲ್ಲಿ ಒಂದು ಕ್ಯಾಮೆರಾ, ಅದರ ಕೆಳಗೆ ಒಂದು ಟಿವಿ, ಪಕ್ಕದಲ್ಲಿ ರೆಕಾರ್ಡಿಂಗಿನ ಡಬ್ಬಿ. ಬೆಳಿಗ್ಗೆ ಎದ್ದವರು ಅಲ್ಲಿಯೇ ನಿಂತು ಹಲ್ಲು ನೋಡಿಕೊಳ್ಳುತ್ತಾರೆ, ತಲೆ ಬಾಚುತ್ತಾರೆ, ಕುಂಕುಮ ಹಚ್ಚಿಕೊಳ್ಳುತ್ತಾರೆ. ಕ್ಯಾಮೆರಾ ಕೂರಿಸುವುದು ದೊಡ್ಡ ಕೆಲಸವೇನಲ್ಲ. ಚಿತ್ರವನ್ನು ಮನೆಯವರ ಮನಸ್ಸಿಗೆ ಬರುವ ಹಾಗೆ ಹೊಂದಿಸುವುದಿದೆಯಲ್ಲ, ಅದರಲ್ಲಿ ಜೀವ ಹೋಗುತ್ತದೆ. ಕಿರಾಣಿ ಅಂಗಡಿಯ ಈರಬಸಪ್ಪನವರಿಗೆ ಮೀಸೆ ಕಪ್ಪಗೆ ಕಾಣಬೇಕು, ಅಂದರೆ ಕಾಂಟ್ರಾಸ್ಟ್ ಏರಿಸಬೇಕು. ಹೆಡ್‌ಮಾಸ್ತರರಿಗೆ ಬಣ್ಣ ಜಾಸ್ತಿಯಾದರೆ ಆಗುವುದಿಲ್ಲ, ತಮ್ಮ ಕಿವಿ ಕೆಂಪಗೆ ಕಾಣುತ್ತದೆ ಎನ್ನುತ್ತಾರೆ. ಐವತ್ತು ದಾಟಿದವರಿಗೆಲ್ಲ ಶಾರ್ಪ್‌ನೆಸ್ ಎಂದರೆ ವೈರಿ, ಅದನ್ನು ಇಳಿಸಿದರೆ ಸುಕ್ಕುಗಳು ಎಲ್ಲಿ ಹೋದವೋ ಎನ್ನುವ ಹಾಗೆ ಹೋಗುತ್ತವೆ, ಚಹಾದ ಜೊತೆ ಚುರುಮುರಿಯೂ ಬರುತ್ತದೆ. ಊರಿಗೆಲ್ಲ ಮುಖ ಕೊಡುವ ನನಗೆ ನಮ್ಮ ಮನೆಯ ಡಬ್ಬಿ ಮುಟ್ಟಲು ಹೆಂಡತಿ ಬಿಡುವುದಿಲ್ಲ. ಅವಳು ಇಟ್ಟ ಬೆಳಕಿನಲ್ಲಿಯೇ ನಾನು ಗಡ್ಡ ಹೆರೆದುಕೊಳ್ಳಬೇಕು.

ಕಳ್ಳರೂ ಈ ಕ್ಯಾಮೆರಾದಲ್ಲಿ ಸಿಗುವುದುಂಟು. ಒಬ್ಬನು ಹಿಂದಿನ ಬಾಗಿಲಿನಿಂದ ಬಂದು ತಾಮ್ರದ ಹಂಡೆ ಎತ್ತಿಕೊಂಡ. ಹೊರಟವನು ಟಿವಿಯಲ್ಲಿ ತನ್ನ ಮುಖ ಕಂಡದ್ದೇ ಹಂಡೆಯನ್ನು ಕೆಳಗಿಟ್ಟ, ಜೇಬಿನಿಂದ ಬಾಚಣಿಗೆ ತೆಗೆದ, ಬೈತಲೆ ತೆಗೆದುಕೊಂಡ, ಮನಸ್ಸಿಗೆ ಬರಲಿಲ್ಲವೆಂದು ಅಳಿಸಿ ಇನ್ನೊಂದು ತೆಗೆದ. ಮನೆಯವರು ಸಂತೆಯಿಂದ ಬರುವಷ್ಟರಲ್ಲಿ ಅವನದು ಇನ್ನೂ ಮುಗಿದಿರಲಿಲ್ಲ. ಪಾಪ, ಅವನ ಮನೆಯಲ್ಲಿ ಕ್ಯಾಮೆರಾ ಕೆಟ್ಟು ಬಹಳ ದಿನವಾಗಿತ್ತಂತೆ. ನಾನೇ ಹೋಗಿ ಸರಿಮಾಡಿ ಬಂದೆ.

ಇಂಥ ಊರಿಗೆ ತನ್ನದೇ ಆದ ಮರ್ಯಾದೆಗಳಿರುತ್ತವೆ. ಮೊದಲನೆಯದು, ಒಬ್ಬರ ಮುಖದ ಬಗ್ಗೆ ಇನ್ನೊಬ್ಬರು ಮಾತಾಡಬಾರದು. ಹಲ್ಲಿಗೆ ಸೊಪ್ಪು ಸಿಕ್ಕಿಕೊಂಡಿರಲಿ, ಕೆನ್ನೆಗೆ ಮಸಿ ಹತ್ತಿರಲಿ, ಅದು ಅವರಿಗೂ ಅವರ ಕ್ಯಾಮೆರಾಕ್ಕೂ ಬಿಟ್ಟ ವಿಷಯ. ಗಂಡ ಹೆಂಡತಿಯ ಮುಖ ಹೊಗಳಿದರೂ ಜನ ಮೂಗು ಮುರಿಯುತ್ತಾರೆ. ಎರಡನೆಯದು, ಒಂದು ಮನೆಗೆ ಒಂದೇ ಕ್ಯಾಮೆರಾ. ಎರಡನೆಯದನ್ನು ಹಾಕಿದರೆ ಒಲೆ ಬೇರೆಯಾದಂತೆಯೇ ಲೆಕ್ಕ. ಅಣ್ಣತಮ್ಮಂದಿರು ಪಾಲಾದರು ಎನ್ನುವ ಬದಲು ಕ್ಯಾಮೆರಾ ಎರಡಾದವು ಎಂದೇ ನಮ್ಮಲ್ಲಿ ಹೇಳುವುದು. ಇನ್ನು ಬೆಳಕು, ಬಣ್ಣ ಏರಿಸಿ ಇಳಿಸುವ ಡಬ್ಬಿಯ ಮೌಸು. ಅದು ಮನೆಯ ಹಿರಿಯ ಹೆಂಗಸಿನ ಸೊಂಟದಲ್ಲಿರಬೇಕು. ಬೇರೆ ಕಡೆ ಬೀಗದ ಕೈಗೊಂಚಲು ಇರುವ ಜಾಗದಲ್ಲಿ ನಮ್ಮ ಅವ್ವಂದಿರು ಮೌಸು ಸಿಕ್ಕಿಸಿಕೊಂಡು ಓಡಾಡುತ್ತಾರೆ.

ಗಿರಣಿ ಮನೆಯ ನೀಲಗಂಗವ್ವನವರದು ಹಾಗೆ ಸೊಂಟದಲ್ಲಿ ಮೌಸು ಮೆರೆಸಿದ ಹಳೆಯ ಕೈ. ಗಂಡ ತೀರಿಕೊಂಡ ಮೇಲೆ ಹಿಟ್ಟಿನ ಗಿರಣಿಯನ್ನೂ ಒಬ್ಬನೇ ಮಗ ಮಹಾಂತೇಶನನ್ನೂ ಬೆಳೆಸಿದ ಗಟ್ಟಿ ಹೆಂಗಸು. ಮಗ ಮೆತ್ತಗಿನವನು. ಅವರು ಕೂರು ಎಂದರೆ ಕೂರುವವನು, ಏಳು ಎಂದರೆ ಏಳುವವನು. ಈ ವರ್ಷ ಅವನಿಗೆ ಊರಿನ ಆ ತುದಿಯ ಕುಂಬಾರ ಓಣಿಯಿಂದ ಸುವರ್ಣಾ ಎಂಬ ಹುಡುಗಿಯನ್ನು ತಂದರು. ಮದುವೆಯ ಚಪ್ಪರ ಬಿಚ್ಚುವ ಮೊದಲೇ ನನಗೆ ಕರೆ ಬಂತು.

ಕರೆದದ್ದು ಸುವರ್ಣಾ. ನಾನು ಹೋದಾಗ ಟಿವಿಯ ಮುಂದೆ ಕುಂಕುಮದ ಭರಣಿ ಹಿಡಿದು ನಿಂತಿದ್ದಳು. ಟಿವಿಯಲ್ಲಿ ಬಿಳಿಯ ಸೀರೆಯೊಂದು ಮಸುಕಾಗಿ ನಿಂತಿತ್ತು, ಸೀರೆಯ ಮೇಲುಗಡೆ ಎರಡು ಕಪ್ಪು ಚುಕ್ಕೆ. ನಿಜಕ್ಕೂ ಅವಳು ಉಟ್ಟದ್ದು ಹಸಿರು ಇಳಕಲ್ ಸೀರೆ. ಬ್ರೈಟ್‌ನೆಸ್ಸನ್ನು ತುದಿಗೆ ಒಯ್ದು ಇಟ್ಟಿದ್ದರು, ಕಾಂಟ್ರಾಸ್ಟು ಅದರ ಹಿಂದೆ, ಬಣ್ಣ ಪೂರ್ತಿ ಬಂದ್.

"ಅಣ್ಣಾರ, ಇದರಾಗ ನಾ ಎಲ್ಲಿ ಅದೀನಿ ತೋರಸ್ರಿ," ಎಂದಳು ಸುವರ್ಣಾ.

ನಾನು ಬೆರಳು ಮಾಡಿ ತೋರಿಸಿದೆ. ಅವಳು ಹಣೆ ಎಲ್ಲಿದೆ ಎಂದು ಅಂದಾಜು ಹಾಕಿ ಕುಂಕುಮ ಒತ್ತಿದಳು. ಅದು ಎಲ್ಲಿ ಕೂತಿತೆಂದು ನಾನು ಹೇಳಬಾರದು, ಹೇಳಲಿಲ್ಲ.

"ಸ್ವಲ್ಪ ಬೆಳಕು ಇಳಿಸಲೇನ್ರಿ ಅವ್ವಾರ?" ಎಂದು ಒಳಗೆ ಕೂಗಿ ಕೇಳಿದೆ.

ನೀಲಗಂಗವ್ವ ಸೊಂಟದ ಮೇಲೆ ಕೈ ಇಟ್ಟುಕೊಂಡೇ ಹೊರಬಂದರು. "ಯಾರು ಹೇಳಿದ್ರು ನಿನಗ ಇಳಸಂತ? ಬಂದಿದ್ದು ಚಲೋ ಆತು ರುದ್ರಾ. ಇನ್ನೊಂದೀಟು ಏರಸು."

"ಇನ್ನ ಏರಸಾಕ ಜಾಗಾ ಇಲ್ರಿ. ಇದಕ್ಕಿಂತ ಏರಿಸಿದ್ರ ಗ್ವಾಡೀನೂ ಕಾಣಂಗಿಲ್ಲ."

"ಗ್ವಾಡಿ ನೋಡ್ಕೊಂಡು ನಾ ಏನ್ ಮಾಡ್ಲಿ? ಶಾರ್ಪ್ ಅನ್ನೂದು ಒಂದೈತಲ್ಲ, ಅದನ್ನ ಏರಸು."

ನಾನು ಏರಿಸಿದೆ. ಆ ಮನೆಯಲ್ಲಿ ಎದುರು ಮಾತಾಡಿ ಚಹಾ ಕುಡಿದವರಿಲ್ಲ. ಅಷ್ಟರಲ್ಲಿ ಮಹಾಂತೇಶ ಗಿರಣಿಯಿಂದ ಬಂದ, ತಲೆಯಿಂದ ಕಾಲಿನವರೆಗೆ ಜೋಳದ ಹಿಟ್ಟು. ಟಿವಿಯ ಮುಂದೆ ಹಾದುಹೋದ. ಚಿತ್ರದಲ್ಲಿ ಏನೂ ಅಲುಗಾಡಲಿಲ್ಲ. ಆ ಬೆಳಕಿನಲ್ಲಿ ಆ ಹಿಟ್ಟಿನ ಮನುಷ್ಯ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನನಗೆ ನಗು ತಡೆಯಲಾಗಲಿಲ್ಲ, ಕೆಮ್ಮಿದ ಹಾಗೆ ಮಾಡಿ ಹೊರಗೆ ಬಂದೆ.

ಮರುದಿನದಿಂದ ಸುವರ್ಣಾ ಬೇರೆಯೇ ದಾರಿ ಹಿಡಿದಳು. ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು, ಪೇಟೆಯ ನಡುವೆಯೇ ಹಾದು ಕುಂಬಾರ ಓಣಿಯ ತವರುಮನೆಗೆ ಹೋಗುವಳು. ಅಲ್ಲಿನ ಕ್ಯಾಮೆರಾದ ಮುಂದೆ ತಲೆ ಬಾಚಿ, ಹೂವು ಮುಡಿದು, ಕುಂಕುಮ ಹಚ್ಚಿಕೊಂಡು ತಿರುಗಿ ಬರುವಳು. ಹೊಸ ಸೊಸೆ ದಿನಾ ಬೆಳಿಗ್ಗೆ ತವರಿಗೆ ಹೋಗಿ ಕುಂಕುಮ ಹಚ್ಚಿಕೊಂಡು ಬರುತ್ತಾಳೆ ಎಂದರೆ ಊರು ಸುಮ್ಮನಿರುತ್ತದೆಯೇ? ಗಿರಣಿಗೆ ಜೋಳ ತಂದವರೆಲ್ಲ ಒಂದೊಂದು ಮಾತು ಇಟ್ಟು ಹೋಗತೊಡಗಿದರು. ಗಿರಣಿಯ ಸದ್ದಿನಲ್ಲಿ ಮಹಾಂತೇಶನಿಗೆ ಕೇಳಿಸುತ್ತಿರಲಿಲ್ಲ. ಅವನ ತಾಯಿಗೆ ಎಲ್ಲವೂ ಕೇಳಿಸುತ್ತಿತ್ತು.

ಒಂದು ದಿನ ತವರಿಗೆ ಹೊರಟ ಸೊಸೆಯನ್ನು ನೀಲಗಂಗವ್ವ ಹೊಸ್ತಿಲಲ್ಲಿ ನಿಲ್ಲಿಸಿದರು. ನಾನು ಎದುರು ಮನೆಯ ಗೋಡೆಗೆ ಏಣಿ ಹಾಕಿಕೊಂಡಿದ್ದೆ, ಎಲ್ಲ ಕಿವಿಗೆ ಬಿತ್ತು.

"ನಮ್ಮ ಮನ್ಯಾಗ ನಿನಗ ಏನ್ ಕಡಿಮಿ ಆಗೈತಿ?" ಎಂದು ಅತ್ತೆ ಕೇಳಿದರು.

"ಕಡಿಮಿ ಏನಿಲ್ರಿ ಅತ್ತಿ. ಊಟ ಐತಿ, ಅರಿವಿ ಐತಿ, ನಿಮ್ಮ ಮಗನೂ ಚಲೋ ಅದಾರ. ನನ್ನ ಮಾರಿ ಒಂದು ಇಲ್ಲಿಲ್ಲ. ಅದು ನಮ್ಮವ್ವನ ಮನ್ಯಾಗ ಉಳದೈತಿ."

"ಹಂಗಾರ ಅಲ್ಲೇ ಹೋಗಿ ಇರು. ದಿನಾ ಹೋಗೂದು ಬರೂದು ಯಾಕ?"

"ಇರ್ತೀನ್ರಿ. ನೀವು ಬೆಳಕ ಇಳಸಂಗಿಲ್ಲ ಅಂದ್ರ ಸ್ವಾಮಾರ ಹೋಗಿ ಅಲ್ಲೇ ಇರ್ತೀನಿ."

ಹೇಳಿದ್ದು ಮೆಲ್ಲಗೆ. ಆದರೆ ಅದು ಬಾಯಿಮಾತಲ್ಲ ಎಂದು ಏಣಿಯ ಮೇಲಿದ್ದ ನನಗೂ ಗೊತ್ತಾಯಿತು. ಸೋಮವಾರಕ್ಕೆ ಬಹಳ ದೂರವೇನಿರಲಿಲ್ಲ.

ನಾನು ಪೂರ್ತಿ ಸೊಸೆಯ ಪಕ್ಷ. ಮುದುಕಿಗೆ ಹಟ, ಸೊಸೆಯ ಮುಖ ಅಳಿಸಿ ತನ್ನ ಯಜಮಾನಿಕೆ ತೋರಿಸುತ್ತಿದ್ದಾಳೆ ಎಂದು ಚಹಾದಂಗಡಿಯಲ್ಲಿ ಕೂತು ಎರಡು ಕಪ್ಪು ಖಾಲಿಯಾಗುವವರೆಗೆ ಭಾಷಣ ಮಾಡಿದೆ. ಕೇಳಿದವರೆಲ್ಲ ತಲೆದೂಗಿದರು. ನನ್ನ ಹೆಂಡತಿಯೊಬ್ಬಳು ತಲೆದೂಗಲಿಲ್ಲ. "ನೀಲಗಂಗಕ್ಕ ಅಂಥಾಕಿ ಅಲ್ಲ. ನಿಮಗ ಡಬ್ಬಿ ಗೊತ್ತೈತಿ, ಹೆಂಗಸ್ರು ಗೊತ್ತಿಲ್ಲ," ಎಂದಳು. ನಾನು ರೊಟ್ಟಿ ತಿನ್ನುವುದರ ಕಡೆಗೆ ಗಮನ ಕೊಟ್ಟೆ.

ಮಾರನೆಯ ದಿನ ಮಹಾಂತೇಶ ನನ್ನ ಅಂಗಡಿಗೆ ಬಂದ. ಹಿಟ್ಟು ಝಾಡಿಸಿಕೊಂಡು ಬಂದಿದ್ದ, ಹುಬ್ಬಿನಲ್ಲಿ ಮಾತ್ರ ಉಳಿದಿತ್ತು. ಸ್ಟೂಲಿನ ಮೇಲೆ ಕೂತು ನನ್ನ ಸ್ಕ್ರೂಗಳನ್ನು ಒಂದೊಂದಾಗಿ ಎಣಿಸಿದ.

"ರುದ್ರಣ್ಣಾ, ಒಂದು ಕ್ಯಾಮೆರಾ ಬೇಕು," ಎಂದ ಕೊನೆಗೆ.

"ಹಳೇದು ಕೆಟ್ಟಿಲ್ಲಲ್ಲೋ?"

"ಇನ್ನೊಂದು ಬೇಕು. ಆಕೀಗಿ."

ನಾನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟೆ. "ವಿಚಾರ ಮಾಡಿ ಹೇಳಾಕತ್ತೀ ಏನು? ಎರಡು ಕ್ಯಾಮೆರಾ ಅಂದ್ರ ಊರಾಗ ಏನಂತಾರ ಗೊತ್ತೈತಿಲ್ಲೊ?"

"ಗೊತ್ತೈತಿ. ಅವ್ವ ಒಂದು ಕಡೆ, ನಾವು ಒಂದು ಕಡೆ ಅಂತಾರ. ಆಕಿ ತವರಿಗಿ ಹೋಗಿ ಕುಂತ್ರ ಅದಕ್ಕಿಂತ ಹೆಚ್ಚು ಅಂತಾರ." ನಾನು ಇಟ್ಟ ಸ್ಕ್ರೂಡ್ರೈವರನ್ನು ಎತ್ತಿ ಮತ್ತೆ ಅಲ್ಲಿಯೇ ಇಟ್ಟ. "ನಮ್ಮವ್ವನ್ನ ಬಿಟ್ಟು ನಾ ಹೆಂಗ ಇರ್ಲಿ ಅಣ್ಣಾ? ಆಕೀನ ಬಿಟ್ಟರ ಹೆಂಗ ಇರ್ಲಿ?"

ಕ್ಯಾಮೆರಾ ಕಟ್ಟಿಕೊಂಡು ಭಾನುವಾರ ಮಧ್ಯಾಹ್ನ ಗಿರಣಿ ಮನೆಗೆ ಹೋದೆ.

ನನ್ನ ಕೈಯಲ್ಲಿರುವುದು ಏನೆಂದು ಮಗನೇ ತಾಯಿಗೆ ಹೇಳಿದ. ನೀಲಗಂಗವ್ವ ಕೂಗಾಡುತ್ತಾರೆ ಎಂದು ನಾನು ತಯಾರಾಗಿಯೇ ಇದ್ದೆ. ಅವರು ಕೂಗಾಡಲಿಲ್ಲ. ಗೋಡೆಗೆ ಒರಗಿ ಕೂತರು. "ಆತು. ಹಾಕಪಾ," ಎಂದರು. ಅಷ್ಟು ಸಣ್ಣ ದನಿ ಅವರಲ್ಲಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಸುವರ್ಣಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಗೆದ್ದವಳ ಹಾಗೇನೂ ಇರಲಿಲ್ಲ.

ಪಕ್ಕದ ಗೋಡೆಗೆ ಮೊಳೆ ಹೊಡೆದು ಹೊಸ ಕ್ಯಾಮೆರಾ ಕೂರಿಸಿ, ವೈರು ಎಳೆದು ಹಳೆಯ ಡಬ್ಬಿಗೇ ಸಿಕ್ಕಿಸಿದೆ. ಮೌಸು ಬೇಕಾಯಿತು. ನೀಲಗಂಗವ್ವ ಸೊಂಟದಿಂದ ತೆಗೆದು ಕೊಟ್ಟರು. ಟಿವಿಯಲ್ಲಿ ಹಳೆಯ ಕ್ಯಾಮೆರಾದ ಚಿತ್ರವನ್ನು ಸರಿಸಿ, ಹೊಸದರ ಚಿತ್ರವನ್ನೇ ದೊಡ್ಡದು ಮಾಡಿದೆ. ಅದರ ಮುಂದೆ ಸುವರ್ಣಾಳನ್ನು ನಿಲ್ಲಿಸಿದೆ. ಅವಳು ಪಕ್ಕದ ಗೋಡೆಗೆ ಮುಖ ಮಾಡಿ ನಿಂತಿದ್ದಳು, ಟಿವಿಯ ಕಡೆಗೆ ಇನ್ನೂ ತಿರುಗಿರಲಿಲ್ಲ. ಹೊಸ ಕ್ಯಾಮೆರಾ, ಇನ್ನೂ ಯಾರೂ ಕೈ ಹಚ್ಚದ ಬಣ್ಣ. ಟಿವಿ ತುಂಬ ಅವಳ ಮುಖ ಬಂತು. ಕಣ್ಣಲ್ಲಿ ನೀರು ನಿಂತಿತ್ತು, ಜಡೆ ಮುಂದೆ ಬಿದ್ದಿತ್ತು.

ನಾನು ಏಣಿ ಮಡಚುತ್ತಿದ್ದೆ. ಆಗ ನೀಲಗಂಗವ್ವ ಎದ್ದು ಟಿವಿಯ ಮುಂದೆ ತಮ್ಮ ಯಾವಾಗಿನ ಜಾಗಕ್ಕೆ ಬಂದು ನಿಂತರು. "ನೀ ಏನರ ಮುಟ್ಟಿದ್ರ ನಂದು ಕೆಡಸಿರ್ತಿ. ಸರಿ, ನೋಡೂನು," ಎಂದು ಟಿವಿಗೆ ಮುಖ ಹತ್ತಿರ ತಂದರು. ಸೆರಗು ಸರಿಪಡಿಸಿಕೊಂಡರು. ಕೆನ್ನೆಯ ಮೇಲೆ ಅಂಗೈ ಆಡಿಸಿದರು. ಟಿವಿಯಲ್ಲಿ ಇದ್ದದ್ದು ಸುವರ್ಣಾ.

"ಹೂಂ. ಹಂಗ ಐತಿ ನನ್ನ ಮಾರಿ," ಎಂದರು. "ಸ್ವಲ್ಪ ಮಬ್ಬಾಗೈತಿ ನೋಡು. ಮೊದಲಿನಂಗ ಬೆಳಕ ಏರಸು."

ಮಹಾಂತೇಶ ಬಾಯಿ ತೆರೆದವನು ಹಾಗೆಯೇ ನಿಂತ. ನನ್ನ ಕೈಯಲ್ಲಿ ಏಣಿ ಅರ್ಧ ಮಡಚಿ ಉಳಿಯಿತು. ಚಹಾದಂಗಡಿಯಲ್ಲಿ ಮಾಡಿದ ಭಾಷಣ ನೆನಪಾಗಿ ನಾಚಿಕೆಯಾಯಿತು. ಆ ಬೆಳಕು, ಆ ಕಾಂಟ್ರಾಸ್ಟು, ಆ ಶಾರ್ಪ್‌ನೆಸ್ಸು ಎಲ್ಲ ಯಾತಕ್ಕೆ ಎಂದು ಈಗ ತಿಳಿಯಿತು. ಅವರ ಹಣೆಯ ವಿಭೂತಿ ಯಾವಾಗಲೂ ಒಂದು ಕಡೆಗೆ ಸರಿದಿರುತ್ತಿತ್ತು, ಅದು ನಮಗೆಲ್ಲ ಕಾಣುತ್ತಿತ್ತು. ಹೇಳುವುದು ಮರ್ಯಾದೆಯಲ್ಲ ಎಂದು ಇಡೀ ಊರು ಬಾಯಿ ಮುಚ್ಚಿಕೊಂಡಿತ್ತು.

"ಯಾಕ ಎಲ್ಲಾರೂ ಗಪ್ ಆದ್ರಿ?" ಎಂದರು ನೀಲಗಂಗವ್ವ.

ಸುವರ್ಣಾ ಆಗ ತಿರುಗಿ ಟಿವಿಯನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಅಲ್ಲಿಂದ ಸರಿದು ಅತ್ತೆಯ ಪಕ್ಕಕ್ಕೆ ಬಂದು ನಿಂತಳು. ಟಿವಿಯಲ್ಲಿ ಖಾಲಿ ಗೋಡೆ ಉಳಿಯಿತು. ನೀಲಗಂಗವ್ವ ಇನ್ನೂ ಸೆರಗು ಸರಿಪಡಿಸಿಕೊಳ್ಳುತ್ತಲೇ ಇದ್ದರು.

"ಅತ್ತಿ, ಯಾವಾಗಿಂದ ಹಿಂಗಾಗೈತ್ರಿ?" ಎಂದು ಕೇಳಿದಳು.

ನೀಲಗಂಗವ್ವನವರಿಗೆ ತಿಳಿದುಹೋಯಿತು. ಕೈ ಸೆರಗಿನಲ್ಲಿಯೇ ನಿಂತಿತು. ಬೈದಾರು ಎಂದುಕೊಂಡೆ. ಅವರು ಮೆಲ್ಲಗೆ ಕೆಳಗೆ ಕೂತರು, ಸುವರ್ಣಾ ಕೈ ಹಿಡಿದು ಕೂರಿಸಿದಳು.

"ನಿನ್ನ ಮದಿವಿಗಿಂತ ಮೊದಲಿಂದ," ಎಂದರು. "ಮಂಜು ಬಿದ್ದಂಗ ಆಗತೈತಿ. ಮಂದಿ ದನಿ ಮ್ಯಾಲ ಗುರತ ಹಿಡೀತೀನಿ, ಪಾತ್ರೆ ಕೈಗಿ ಗೊತ್ತದಾವ. ನನ್ನ ಮಾರಿಗೆ ದನಿ ಇಲ್ಲಲ್ಲ. ಬೆಳಕ ಏರಸ್ಕೊಂತ ಹೋದ್ರ ಎಲ್ಯರ ಒಂದು ಕಡೆ ಕಂಡೀತು ಅನ್ಕೊಂಡೆ. ನೀ ಬಂದಿ. ನಿನ್ನ ಮುಂದ ಕುರುಡಿ ಅಂತ ಹೆಂಗ ಹೇಳ್ಲಿ?"

"ಅವ್ವಾ, ಕಣ್ಣಿನ ದವಾಖಾನಿಗಿ ಕರಕೊಂಡು ಹೋಗ್ತಿದ್ನಲ್ಲ," ಎಂದ ಮಹಾಂತೇಶ. ಅವನಿಗೆ ಸಿಟ್ಟೋ ಅಳುವೋ ತಿಳಿಯುತ್ತಿರಲಿಲ್ಲ. "ಪೊರಿ ಬಂದಿರತೈತಿ. ತಗದ್ರ ಹೋಗತೈತಿ."

"ಹೋಗೂನು ಬಿಡೋ. ಗಿರಣಿ ಬೆಲ್ಟ್ ಬದಲಿ ಮಾಡು ಮೊದಲ, ಸಪ್ಪಳ ಕೇಳಾಕತ್ತೀನಿ," ಎಂದರು. ದನಿ ತನ್ನ ಜಾಗಕ್ಕೆ ಬಂದಿತ್ತು. ಆಮೇಲೆ ನನ್ನ ಕಡೆಗೆ, ಅಂದರೆ ನನ್ನ ಕಡೆಗೆಂದು ಏಣಿಯ ಕಡೆಗೆ ತಿರುಗಿ ಹೇಳಿದರು, "ರುದ್ರಾ, ಆ ಮೌಸು ಆಕಿ ಕೈಯಾಗ ಕೊಡು. ಮೊಳಿ ಹೊಡದಿದ್ದು ಕೀಳು. ನಮ್ಮ ಮನ್ಯಾಗ ಎರಡು ಕ್ಯಾಮೆರಾ ಹಾಕಸ್ಕೊಳ್ಳುವಂಥಾದ್ದು ಏನೂ ಆಗಿಲ್ಲ."

ನಾನು ಕಿತ್ತೆ. ಸುಣ್ಣ ಉದುರಿದ ಜಾಗಕ್ಕೆ ಮಹಾಂತೇಶ ಹೆಬ್ಬೆರಳಿನಿಂದ ಹಿಟ್ಟು ಒತ್ತಿದ. ಸುವರ್ಣಾ ಹಳೆಯ ಕ್ಯಾಮೆರಾದ ಮುಂದೆ ನಿಂತು ಬೆಳಕು ಇಳಿಸಿದಳು, ಬಣ್ಣ ಏರಿಸಿದಳು, ಒಂದಿಷ್ಟು ಹೆಚ್ಚಾಯಿತೆಂದು ಹಿಂದಕ್ಕೆ ತಂದಳು. ಅವಳ ಕೈ ನನಗಿಂತ ಚುರುಕಾಗಿತ್ತು. ಮೊದಲು ಸೀರೆಯ ಹಸಿರು ಬಂತು, ಆಮೇಲೆ ತುಟಿ ಬಂತು, ಮೂಗು ಬಂತು. ಮದುವೆಯಾದ ಮೇಲೆ ಆ ಮನೆಯಲ್ಲಿ ಅವಳು ತನ್ನನ್ನು ಕಂಡದ್ದು ಅದೇ ಮೊದಲು. "ಬಂದ್ನಲ್ಲ ನಾನು," ಎಂದಳು ಮೆಲ್ಲಗೆ. ಅವಳ ಹಿಂದೆ ಮಹಾಂತೇಶನೂ ಚಿತ್ರದಲ್ಲಿ ಬಂದ, ಹುಬ್ಬಿನ ಹಿಟ್ಟು ಸಮೇತ.

ನಾನು ಸಾಮಾನು ಕಟ್ಟಿಕೊಂಡೆ. ಇನ್ನು ಚಹಾ ಕೇಳುವ ಹಾಗಿರಲಿಲ್ಲ, ಹೊರಡಬೇಕೆಂದು ಬಾಗಿಲವರೆಗೆ ಬಂದೆ. ಆಗ ನೀಲಗಂಗವ್ವ ಕೂತಲ್ಲಿಂದಲೇ ಹೇಳಿದರು, "ನಿಂದು ನಿನಗ ಸಿಕ್ಕಿತು. ಕಣ್ಣು ಸರಿ ಆಗೂ ತನಕ ನಂದು ಹೆಂಗೈತಿ ಅಂತ ಯಾರು ಹೇಳಾವ್ರು?"

ಸುವರ್ಣಾ ಮೌಸನ್ನು ಟಿವಿಯ ಮೇಲಿಟ್ಟು ಬಂದು ಅತ್ತೆಯ ಎದುರಿಗೆ ಕೂತಳು. "ನಾ ಹೇಳ್ತೀನ್ರಿ," ಎಂದಳು. ನಮ್ಮ ಊರಿನಲ್ಲಿ ಯಾರೂ ಯಾರಿಗೂ ಹೇಳದ್ದನ್ನು ಹೇಳತೊಡಗಿದಳು. ನಾನು ಹೊಸ್ತಿಲ ಮೇಲೆಯೇ ನಿಂತುಬಿಟ್ಟೆ. ಕಿವಿ ಮುಚ್ಚಿಕೊಳ್ಳಬೇಕಿತ್ತು, ಮುಚ್ಚಿಕೊಳ್ಳಲಿಲ್ಲ.

"ವಿಭೂತಿ ಬಲಗಡಿ ಹುಬ್ಬಿನ ಮ್ಯಾಲ ಹೋಗೈತ್ರಿ. ನಿಲ್ರಿ, ಒರಸ್ತೀನಿ. ಕೂದಲ ಪೂರಾ ಬೆಳ್ಳಗಾಗ್ಯಾವ, ಕಿವಿ ಹಿಂದ ಮಾತ್ರ ಕರಿ ಉಳದಾವ. ಗಲ್ಲ ಒಳಗ ಹೋಗ್ಯಾವ. ಸುಮ್ನ ಕುಂತಾಗ ಕೆಳಗಿನ ತುಟಿ ಸ್ವಲ್ಪ ಮುಂದ ಬರತೈತಿ, ಸಿಟ್ಟ ಬಂದೈತೇನೋ ಅನ್ನುವಂಗ. ಆದ್ರ ಸಿಟ್ಟ ಅಲ್ರಿ ಅದು. ಕಣ್ಣಿನ ಬದಿಗಿ ನಕ್ಕ ಗೆರಿ ಭಾಳ ಅದಾವ."

ನೀಲಗಂಗವ್ವ ಮುಖವನ್ನು ಸೊಸೆಯ ಕಡೆಗೆ ತಂದರು. "ಎರಡೂ ಹುಬ್ಬಿನ ನಡುವ ಒಂದು ಗೆರಿ ಐತೇನು? ನೆಟ್ಟಗ?"

"ಐತ್ರಿ. ನೆಟ್ಟಗ ಐತಿ."

ಅವರು ಆ ಗೆರೆಯನ್ನು ಬೆರಳಿನಿಂದ ಮುಟ್ಟಿಕೊಂಡರು. "ಅದು ನಮ್ಮವ್ವನ ಮಾರಿ," ಎಂದರು. "ನಾ ಸಣ್ಣಾಕಿ ಇದ್ದಾಗ ಹ್ವಾದಳು. ಎಷ್ಟು ನೆನಸಿದ್ರೂ ಕಣ್ಣಮುಂದ ಬರ್ತಿದ್ದಿಲ್ಲ." ಆಮೇಲೆ ಸೊಸೆಯ ಕಡೆಗೆ ಇನ್ನಷ್ಟು ಸರಿದು ಕೂತು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಮುಖ ಮೇಲೆತ್ತಿ ಕೇಳಿದರು, "ಮೊದಲಿಂದ ಹೇಳವ್ವಾ. ಸಾವಕಾಶ ಹೇಳು."